ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಸೆರಿಫ್ ಡಿಸ್‌ಪ್ಲೇ ಫಾಂಟ್ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸ್ಲ್ಯಾಬ್ ಸೆರಿಫ್ ಎಂದರೆ ಗೆರೆಗಳ ತುದಿಯಲ್ಲಿ ದಪ್ಪ ಅಡ್ಡಪಟ್ಟಿ (ಸ್ಲ್ಯಾಬ್) ಇರುವ ಅಕ್ಷರ, ಡಿಸ್‌ಪ್ಲೇ ಎಂದರೆ ಶೀರ್ಷಿಕೆಯಂಥ ದೊಡ್ಡ ಗಾತ್ರಕ್ಕೆ ಮಾಡಿದ್ದು. ನೇರ ನಿಂತ ದಪ್ಪ ಸ್ಲ್ಯಾಬ್ ಅಕ್ಷರಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ, ಓರೆ ಮಾಡುವ ಪೆಟ್ಟಿಗೆಯಲ್ಲಿ 12 ಎಂದು ಹಾಕಿ, ಎಂಟರ್ ಒತ್ತಿ, ಫಾಂಟನ್ನು ಎಕ್ಸ್‌ಪೋರ್ಟ್ ಮಾಡಿಬಿಡುವವರೇ ಹೆಚ್ಚು. ಹಾಗೆ ಬಂದ ಫಾಂಟಿನಲ್ಲಿ ಶೀರ್ಷಿಕೆ ಕೂರಿಸಿ ನೋಡಿದರೆ ಎಸ್ ಉಬ್ಬಿಕೊಂಡಿರುತ್ತದೆ, ಝಡ್ ಸೊರಗಿರುತ್ತದೆ, ಓ ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ, ಎಮ್‌ನ ಕಾಲುಗಳ ನಡುವೆ ಕಪ್ಪು ಮೆತ್ತಿಕೊಂಡಿರುತ್ತದೆ. ಆಮೇಲೆ ಒಂದೊಂದೇ ಅಕ್ಷರವನ್ನು ಸರಿಪಡಿಸಲು ಹೊರಟು, ಐವತ್ತೆರಡು ಅಕ್ಷರಗಳಲ್ಲೂ ಒಂದೇ ತಪ್ಪನ್ನು ಬೇರೆ ಬೇರೆ ರೀತಿಯಲ್ಲಿ ತಿದ್ದಿ, ಕೊನೆಗೆ ಒಂದಕ್ಕೊಂದು ಹೊಂದದ ಫಾಂಟ್ ಕೈಗೆ ಸಿಗುತ್ತದೆ.

ಇದಕ್ಕೆಲ್ಲ ಮೂಲ ಕೆಲಸದ ಕ್ರಮ. ಓರೆ ಮಾಡುವುದು ನಡುವಿನ ಹಂತ, ಕೊನೆಯದಲ್ಲ. ದಪ್ಪ, ಸ್ಲ್ಯಾಬ್, ಓರೆ, ತಿದ್ದುಪಡಿ, ಅಂತರ ಈ ಐದನ್ನೂ ಮೊದಲು ನಾಲ್ಕೇ ಅಕ್ಷರಗಳಲ್ಲಿ ಪೂರ್ತಿ ಮುಗಿಸಿ, ಆಮೇಲೆ ಉಳಿದವುಗಳಿಗೆ ಕೈ ಹಾಕಬೇಕು.

ಇಲ್ಲಿ ಹೇಳಿರುವುದೆಲ್ಲ ಇಂಗ್ಲಿಷ್ ಅಕ್ಷರಗಳಿಗೆ. ಅಕ್ಷರಗಳನ್ನು ಸ್ಮಾಲ್ ಎನ್, ಕ್ಯಾಪಿಟಲ್ ಎಚ್ ಎಂದೇ ಕರೆದಿದೆ. ಅಳತೆಗಳೆಲ್ಲ 1000 ಯುನಿಟ್‌ನ ಎಮ್ ಚೌಕಕ್ಕೆ (ಅಕ್ಷರ ಬಿಡಿಸುವ ಕಾಲ್ಪನಿಕ ಚೌಕ) ಕೊಟ್ಟವು. ಟ್ರೂಟೈಪ್‌ಗೆಂದು 2048 ಇಟ್ಟುಕೊಂಡವರು 2.048ರಿಂದ ಗುಣಿಸಿಕೊಳ್ಳಿ.

## ಬೇಕಾದ ಸಾಧನಗಳು

ಫಾಂಟ್ ಎಡಿಟರ್ ಒಂದು ಬೇಕು. ಫಾಂಟ್‌ಫೋರ್ಜ್ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಗ್ಲಿಫ್ಸ್ ಮ್ಯಾಕ್‌ಗೆ ಮಾತ್ರ. ಫಾಂಟ್‌ಲ್ಯಾಬ್ ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಇದೆ. ಇಲ್ಸ್‌ಟ್ರೇಟರ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ಇಡೀ ಅಕ್ಷರಮಾಲೆ ಬಿಡಿಸಿ ಆಮೇಲೆ ತಂದು ಅಂಟಿಸುವ ದಾರಿ ಬೇಡ. ಅಲ್ಲಿ ಅಕ್ಷರದ ಪಕ್ಕದ ಜಾಗ ಕಾಣುವುದಿಲ್ಲ, ರೇಖೆಯ ಪಾಯಿಂಟುಗಳು ಪೂರ್ಣಾಂಕದ ಬದಲು ದಶಮಾಂಶದ ಸ್ಥಾನಗಳಲ್ಲಿ ಕೂರುತ್ತವೆ.

ಅದರ ಜೊತೆ ಪೆನ್ಸಿಲ್, ಕಾಗದ, ಕೋನಮಾಪಕ. ಲೇಸರ್ ಪ್ರಿಂಟರ್ ಕೈಗೆಟುಕುವಂತಿದ್ದರೆ ಅರ್ಧ ತಲೆನೋವು ಕಡಿಮೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗ ಕಣ್ಣಿಗೆ ಬೀಳದ ಕಪ್ಪು ಕಲೆಗಳು ಕಾಗದದ ಮೇಲೆ ತಟ್ಟನೆ ಕಾಣುತ್ತವೆ. ಕಡತವನ್ನು ಹಂತ ಮುಗಿದಂತೆಲ್ಲ ಹೊಸ ಹೆಸರಿನಲ್ಲಿ ಉಳಿಸಿ, ಮುಖ್ಯವಾಗಿ ಓರೆ ಮಾಡುವ ಮುನ್ನ. ಓರೆ ಮಾಡಿ, ತಿದ್ದಿ, ಮತ್ತೆ ನೇರ ಮಾಡಿದರೆ ಮೊದಲಿನ ಆಕಾರ ವಾಪಸ್ ಬರುವುದಿಲ್ಲ.

## ಹಂತ 1: ಗೆರೆ ಎಳೆಯುವ ಮೊದಲೇ ಮೂರು ತೀರ್ಮಾನ

ಕೋನ. 8°ಯಿಂದ 12°ಯ ಒಳಗೆ ಒಂದನ್ನು ಆರಿಸಿ, ಅದನ್ನು ಕೊನೆಯವರೆಗೂ ಬದಲಿಸಬೇಡಿ. ಗೆರೆ ದಪ್ಪಗಿದ್ದಷ್ಟೂ ಕಡಿಮೆ ಕೋನ ಸಾಕು. ದಪ್ಪ ಅಕ್ಷರ 14° ವಾಲಿದರೆ ಮುಂದಕ್ಕೆ ಮುಗ್ಗರಿಸಿದಂತೆ ಕಾಣುತ್ತದೆ, 6° ವಾಲಿದರೆ ಮುದ್ರಣದ ದೋಷವೇನೋ ಎನಿಸುತ್ತದೆ. ಮೊದಲ ಸಲ ಮಾಡುವವರು 10° ಇಟ್ಟುಕೊಳ್ಳಿ. ಮುಂದಿನ ಲೆಕ್ಕಗಳೆಲ್ಲ 10°ಗೇ ಇವೆ.

ಸ್ಲ್ಯಾಬುಗಳ ಪದ್ಧತಿ. ಒಂದು ದಾರಿ, ನೇರ ಅಕ್ಷರದ ಎಲ್ಲ ಸ್ಲ್ಯಾಬುಗಳನ್ನೂ ಎರಡೂ ಕಡೆ ಉಳಿಸಿಕೊಂಡು ಓರೆ ಮಾಡುವುದು. ಇನ್ನೊಂದು, ಕೈಬರಹದ ಚಲನೆಗೆ ತಕ್ಕಂತೆ ಕಂಬದ (ಅಕ್ಷರದ ನಿಲುಗೆರೆಯ) ತಲೆಯಲ್ಲಿ ಎಡಕ್ಕೆ ಮಾತ್ರ, ಪಾದದಲ್ಲಿ ಬಲಕ್ಕೆ ಮಾತ್ರ ಸ್ಲ್ಯಾಬ್ ಇಡುವುದು. ದಪ್ಪ ಡಿಸ್‌ಪ್ಲೇ ಫಾಂಟಿಗೆ ನಮ್ಮ ಶಿಫಾರಸು ಮಿಶ್ರ ಪದ್ಧತಿ: ಕ್ಯಾಪಿಟಲ್‌ಗಳಿಗೆ ಎರಡೂ ಕಡೆ, ಸ್ಮಾಲ್ ಅಕ್ಷರಗಳಿಗೆ ಒಂದೇ ಕಡೆ. ಕಾರಣ ಸರಳ. ಸ್ಮಾಲ್ ಎಮ್, ಎಚ್, ಎನ್, ಯು ಇವುಗಳ ಒಳಗೆ ಎರಡೂ ಕಡೆಯ ಸ್ಲ್ಯಾಬ್ ಹಿಡಿಸುವಷ್ಟು ಜಾಗವೇ ಇರುವುದಿಲ್ಲ. ಇದರ ಲೆಕ್ಕ 6ನೇ ಹಂತದಲ್ಲಿದೆ.

ಸ್ಲ್ಯಾಬ್ ಕಂಬಕ್ಕೆ ಸೇರುವ ಬಗೆ. ರಾಕ್‌ವೆಲ್‌ನಲ್ಲಿರುವಂತೆ ಕೋನ ಹಾಗೇ ಇರಬಹುದು, ಕ್ಲಾರೆಂಡನ್‌ನಲ್ಲಿರುವಂತೆ ಬಾಗಿ ಸೇರಬಹುದು. ಬಾಗಿಸಿದರೆ ಓರೆ ಮಾಡಿದ ಮೇಲೆ ಪ್ರತಿ ಬಾಗೂ ಎಡಕ್ಕೊಂದು, ಬಲಕ್ಕೊಂದು ಆಕಾರವಾಗುತ್ತದೆ. ಅವನ್ನು ತಿದ್ದುವ ಕೆಲಸ ಎರಡರಷ್ಟಾಗುತ್ತದೆ. ಮೊದಲ ಫಾಂಟಿಗೆ ಬಾಗಿಲ್ಲದ ಸ್ಲ್ಯಾಬೇ ಸಾಕು.

ಸ್ಮಾಲ್ ಎ, ಇ, ಎಫ್, ಜಿ ಇವುಗಳ ಆಕಾರವನ್ನೂ ಈಗಲೇ ಗೊತ್ತು ಮಾಡಿ. ಒಂದೇ ಅಂತಸ್ತಿನ ಎ (ಕೈಬರಹದಂತೆ ಒಂದೇ ಬಟ್ಟಲಿನದು) ಆರಿಸಿದರೆ ಜಿಗೂ ಒಂದೇ ಅಂತಸ್ತು ಇರಲಿ. ಅರ್ಧ ಕೈಬರಹ, ಅರ್ಧ ಅಚ್ಚು ಎಂಬಂತಿದ್ದರೆ ಶೀರ್ಷಿಕೆಯಲ್ಲಿ ಅದು ಎದ್ದು ಕಾಣುತ್ತದೆ.

## ಹಂತ 2: ಅಳತೆಗಳ ಪಟ್ಟಿ

ಕಡತ ತೆರೆದ ಕೂಡಲೇ ಗೈಡ್ ಗೆರೆಗಳನ್ನು ಹಾಕಿಕೊಳ್ಳಿ. ಶುರುಮಾಡಲು ಒಂದು ನಂಬಬಹುದಾದ ಪಟ್ಟಿ:

- ಕ್ಯಾಪಿಟಲ್ ಎತ್ತರ 700, ಎಕ್ಸ್-ಹೈಟ್ (ಸ್ಮಾಲ್ ಎಕ್ಸ್‌ನ ಎತ್ತರ) 520, ಮೇಲ್ಚಾಚು (ಸ್ಮಾಲ್ ಬಿ, ಎಚ್ ಇವುಗಳ ತಲೆ) 740, ಕೆಳಚಾಚು (ಸ್ಮಾಲ್ ಪಿ, ಜಿ ಇವುಗಳ ಬಾಲ) −200
- ಉರುಟು (ದುಂಡು) ಅಕ್ಷರಗಳ ಓವರ್‌ಶೂಟ್, ಅಂದರೆ ಗೈಡ್ ಗೆರೆ ದಾಟಿ ಹೋಗುವಷ್ಟು, ಮೇಲೆ ಕೆಳಗೆ 12
- ಕ್ಯಾಪಿಟಲ್ ಕಂಬ 168, ಸ್ಮಾಲ್ ಕಂಬ 150
- ಕ್ಯಾಪಿಟಲ್ ಸ್ಲ್ಯಾಬ್ ದಪ್ಪ 115, ಸ್ಮಾಲ್ ಸ್ಲ್ಯಾಬ್ ದಪ್ಪ 105
- ಕಂಬದಿಂದ ಸ್ಲ್ಯಾಬ್ ಹೊರಚಾಚುವುದು 60
- ಸ್ಮಾಲ್ ಎನ್ ಒಳಜಾಗ, ಅಂದರೆ ಎರಡು ಕಂಬಗಳ ನಡುವೆ, 210

ಪಟ್ಟಿಯಲ್ಲಿ ಎಕ್ಸ್-ಹೈಟ್ ಎತ್ತರವಾಗಿಯೂ ಚಾಚುಗಳು ಗಿಡ್ಡವಾಗಿಯೂ ಇರುವುದು ಉದ್ದೇಶಪೂರ್ವಕ. ಡಿಸ್‌ಪ್ಲೇ ಫಾಂಟ್ ಸಾಲುಗಳನ್ನು ಒತ್ತಾಗಿ ಜೋಡಿಸಲು ಬಳಕೆಯಾಗುವುದರಿಂದ ಉದ್ದ ಬಾಲಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಸ್ಲ್ಯಾಬನ್ನು ಕಂಬದಷ್ಟೇ ದಪ್ಪ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕಣ್ಣಿಗೆ ಅಡ್ಡಗೆರೆ ಉದ್ದಗೆರೆಗಿಂತ ದಪ್ಪವಾಗಿ ತೋರುತ್ತದೆ, ಹಾಗಾಗಿ 150ರ ಕಂಬಕ್ಕೆ 150ರ ಸ್ಲ್ಯಾಬ್ ಇಟ್ಟರೆ ಅಕ್ಷರದ ತೂಕವೆಲ್ಲ ಪಾದಕ್ಕಿಳಿದುಬಿಡುತ್ತದೆ. ಕಂಬದ ಶೇ. 65ರಿಂದ 72ರ ಒಳಗೆ ಇರಲಿ.

## ಹಂತ 3: ನಾಲ್ಕು ಅಕ್ಷರಗಳು, ನೇರವಾಗಿ

ಸ್ಮಾಲ್ ಎನ್, ಸ್ಮಾಲ್ ಓ, ಕ್ಯಾಪಿಟಲ್ ಎಚ್, ಕ್ಯಾಪಿಟಲ್ ಓ. ಈ ನಾಲ್ಕನ್ನೇ ಬಿಡಿಸಿ. ಬೇರೆ ಅಕ್ಷರ ಮುಟ್ಟಬೇಡಿ.

ಎನ್‌ನ ಕಮಾನು ಕಂಬದಿಂದ ಕವಲೊಡೆಯುವ ಜಾಗದಲ್ಲಿ ಎಚ್ಚರ ಬೇಕು. ಅಲ್ಲಿ ಕಮಾನಿನ ದಪ್ಪ ಕಂಬದ ಶೇ. 55ರಿಂದ 60ಕ್ಕೆ, ಅಂದರೆ ಸುಮಾರು 83ರಿಂದ 90 ಯುನಿಟ್‌ಗೆ ಇಳಿಯಬೇಕು. ಇಳಿಸದಿದ್ದರೆ ಕಂಬ, ಕಮಾನು, ತಲೆಯ ಸ್ಲ್ಯಾಬ್ ಮೂರೂ ಒಂದೆಡೆ ಸೇರಿ ಕಪ್ಪು ಗಂಟಾಗುತ್ತದೆ. ಕವಲು ಎಕ್ಸ್-ಹೈಟಿನ ಶೇ. 60ರ ಆಸುಪಾಸಿನಲ್ಲಿ, ಸುಮಾರು 310ರ ಎತ್ತರದಲ್ಲಿ ಒಡೆಯಲಿ. ಅದಕ್ಕಿಂತ ಮೇಲಾದರೆ ಇಟಾಲಿಕ್ ಎನಿಸುವುದಿಲ್ಲ, ತೀರಾ ಕೆಳಗಾದರೆ ಉದ್ದನೆಯ ಸೀಳು ಉಂಟಾಗಿ ಸಣ್ಣ ಗಾತ್ರದಲ್ಲಿ ಮುಚ್ಚಿಹೋಗುತ್ತದೆ.

ಓದ ಪಕ್ಕದ ದಪ್ಪ ಕಂಬಕ್ಕಿಂತ 6ರಿಂದ 10 ಯುನಿಟ್ ಹೆಚ್ಚಿರಲಿ, ಯಾಕೆಂದರೆ ಉರುಟು ಗೆರೆ ಒಂದೇ ಬಿಂದುವಿನಲ್ಲಿ ಮಾತ್ರ ಪೂರ್ಣ ದಪ್ಪ ಮುಟ್ಟುತ್ತದೆ. ಇದೇ ಕುಟುಂಬದ ನೇರ ಫಾಂಟ್ ನಿಮ್ಮ ಬಳಿ ಇದ್ದರೆ ಇಟಾಲಿಕ್‌ನ ಅಗಲವನ್ನು ಅದಕ್ಕಿಂತ ಶೇ. 5ರಷ್ಟು ಕಿರಿದು ಮಾಡಿ. ಆದರೆ ಅಡ್ಡಕ್ಕೆ ಕುಗ್ಗಿಸುವ ಸ್ಕೇಲ್ ಬಟನ್ನಿನಿಂದ ಅಲ್ಲ. ಅದು ಕಂಬವನ್ನೂ ಶೇ. 5ರಷ್ಟು ತೆಳುವಾಗಿಸುತ್ತದೆ. ಒಳಜಾಗ ಮತ್ತು ಚಾಚು ಮಾತ್ರ ಕಿರಿದಾಗುವಂತೆ ಪಾಯಿಂಟುಗಳನ್ನು ಸರಿಸಿ.

ಎಚ್ಚರಿಕೆಯ ಗುರುತು: ಎನ್ ಮತ್ತು ಓ ಪಕ್ಕಪಕ್ಕ ಇಟ್ಟು ಕಣ್ಣು ಕಿರಿದಾಗಿಸಿ ನೋಡಿದಾಗ ಎರಡೂ ಒಂದೇ ಬೂದು ಬಣ್ಣವಾಗಿ ಕಾಣಬೇಕು. ಒಂದು ಕಪ್ಪಾಗಿ ಕಂಡರೆ ಓರೆ ಮಾಡುವ ಹಂತಕ್ಕೆ ಹೋಗಬೇಡಿ. ನೇರದಲ್ಲಿ ಇರುವ ತಪ್ಪು ಓರೆಯಲ್ಲಿ ದೊಡ್ಡದಾಗುತ್ತದೆಯೇ ಹೊರತು ಮರೆಯಾಗುವುದಿಲ್ಲ.

## ಹಂತ 4: ಓರೆ ಮಾಡುವುದು

10°ಯ ಓರೆ ಎಂದರೆ ಪ್ರತಿ 1000 ಯುನಿಟ್ ಎತ್ತರಕ್ಕೆ 176 ಯುನಿಟ್ ಬಲಕ್ಕೆ ಸರಿಯುವುದು. ಯಾವ ಬಿಂದುವನ್ನು ನೆಲೆಯಾಗಿಟ್ಟು ಓರೆ ಮಾಡುತ್ತೀರಿ ಎಂಬುದು ಮುಖ್ಯ. ಬೇಸ್‌ಲೈನಿನಿಂದ (ಅಕ್ಷರಗಳ ಪಾದ ಕೂರುವ ಗೆರೆ) ಓರೆ ಮಾಡಿದರೆ ಪಾದ ಅಲ್ಲೇ ನಿಂತು ತಲೆ ಮಾತ್ರ 92 ಯುನಿಟ್ ಬಲಕ್ಕೆ ಹೋಗುತ್ತದೆ, ಇಡೀ ಅಕ್ಷರ ತನ್ನ ಪೆಟ್ಟಿಗೆಯ ಬಲಕ್ಕೆ ಒತ್ತರಿಸಿಕೊಂಡು ಕೂರುತ್ತದೆ. ಎಕ್ಸ್-ಹೈಟಿನ ಅರ್ಧದಿಂದ, ಅಂದರೆ 260ರ ಎತ್ತರದಿಂದ ಓರೆ ಮಾಡಿದರೆ ಪಾದ 46 ಎಡಕ್ಕೆ, ಎಕ್ಸ್-ಹೈಟ್ 46 ಬಲಕ್ಕೆ ಸರಿದು ಸಮತೂಕ ಉಳಿಯುತ್ತದೆ.

ನಿಮ್ಮ ಎಡಿಟರ್ ಬೇಸ್‌ಲೈನಿನಿಂದಲೇ ಓರೆ ಮಾಡುವುದಾದರೆ ಚಿಂತೆಯಿಲ್ಲ. ಓರೆ ಮಾಡಿದ ಮೇಲೆ ಎಲ್ಲವನ್ನೂ 46 ಯುನಿಟ್ ಎಡಕ್ಕೆ ಸರಿಸಿ, ಅಕ್ಷರದ ಒಟ್ಟು ಅಗಲ ಮೊದಲಿನಷ್ಟೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಲಕ್ಕೇ ವಾಲಿದೆಯೇ ಎಂದೂ ಒಮ್ಮೆ ನೋಡಿ, ಧನ-ಋಣ ಚಿಹ್ನೆಯ ಅರ್ಥ ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ರೀತಿ ಇರುತ್ತದೆ.

ಓರೆ ಮಾಡಿದಾಗ ಎತ್ತರಗಳು ಬದಲಾಗುವುದಿಲ್ಲ, ಅಡ್ಡಗೆರೆಗಳ ದಪ್ಪವೂ ಬದಲಾಗುವುದಿಲ್ಲ. ಆದ್ದರಿಂದ ಸ್ಲ್ಯಾಬ್ ದಪ್ಪ ಮತ್ತು ಓವರ್‌ಶೂಟನ್ನು ಇನ್ನು ಮುಟ್ಟಬೇಕಿಲ್ಲ. ಕೆಡುವುದು ಓರೆಗೆರೆ ಮತ್ತು ಬಾಗುಗಳು ಮಾತ್ರ.

ಮುಂದಿನ ಹಂತಕ್ಕೆ ಮೊದಲು ಪಾಯಿಂಟುಗಳನ್ನು ಶುಚಿ ಮಾಡಿ. ಓದ ಎಡ-ಬಲ ತುದಿಗಳಲ್ಲಿದ್ದ ಪಾಯಿಂಟುಗಳು ಈಗ ತುದಿಯಲ್ಲಿಲ್ಲ, ಅವುಗಳ ಹ್ಯಾಂಡಲುಗಳು (ಬಾಗಿನ ಆಕಾರ ಹಿಡಿಯುವ ಕಡ್ಡಿಗಳು) ಓರೆಯಾಗಿ ನಿಂತಿವೆ. ತುದಿಗಳಲ್ಲಿ ಹೊಸ ಪಾಯಿಂಟ್ ಸೇರಿಸಿ (ಫಾಂಟ್‌ಫೋರ್ಜ್‌ನಲ್ಲಿ ಆಡ್ ಎಕ್ಸ್‌ಟ್ರೀಮಾ), ಹಳೆಯದನ್ನು ಆಕಾರ ಕೆಡದಂತೆ ಅಳಿಸಿ. ಆಮೇಲೆ ಎಲ್ಲ ಪಾಯಿಂಟುಗಳನ್ನೂ ಪೂರ್ಣಾಂಕಕ್ಕೆ ತನ್ನಿ. ಹಳೆಯ ಮತ್ತು ಹೊಸ ಪಾಯಿಂಟುಗಳೆರಡನ್ನೂ ಬಿಟ್ಟರೆ ದೊಡ್ಡ ಗಾತ್ರದಲ್ಲಿ ಬಾಗಿನ ಮೇಲೆ ಸಣ್ಣ ಉಬ್ಬು ಕಾಣುತ್ತದೆ. ಡಿಸ್‌ಪ್ಲೇ ಫಾಂಟಿನಲ್ಲಿ ಇದು ಕ್ಷಮಿಸಲಾಗದ ದೋಷ, ಯಾಕೆಂದರೆ ಆ ಅಕ್ಷರವನ್ನು ಯಾರೋ ಗೋಡೆಯಗಲ ಮಾಡಿಯೇ ಬಳಸುತ್ತಾರೆ.

## ಹಂತ 5: ಕೆಟ್ಟ ತೂಕವನ್ನು ಸರಿಪಡಿಸುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಫಾಂಟ್ ಹಸನಾಗುವುದು ಇಲ್ಲಿ, ಹಾಗಾಗಿ ಸಮಯವನ್ನು ಇಲ್ಲೇ ಧಾರಾಳವಾಗಿ ಕೊಡಿ.

ಎಡ ಕೆಳಗಿನಿಂದ ಬಲ ಮೇಲಕ್ಕೆ ಹೋಗುವ ಗೆರೆಯನ್ನು ಏರುಗೆರೆ ಎನ್ನೋಣ, ಎಡ ಮೇಲಿನಿಂದ ಬಲ ಕೆಳಕ್ಕೆ ಬರುವುದನ್ನು ಇಳಿಗೆರೆ. ಬಲಕ್ಕೆ ಓರೆ ಮಾಡಿದಾಗ ಏರುಗೆರೆ ಉದ್ದವಾಗಿ ಹಿಗ್ಗುತ್ತದೆ, ಅಷ್ಟೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಇಳಿಗೆರೆ ಗಿಡ್ಡವಾಗಿ ಕುಗ್ಗುತ್ತದೆ, ದಪ್ಪವಾಗುತ್ತದೆ. 45°ಯಲ್ಲಿರುವ 150 ಯುನಿಟ್ ದಪ್ಪದ ಗೆರೆಯನ್ನು ತೆಗೆದುಕೊಳ್ಳಿ: 10° ಓರೆಯ ನಂತರ ಏರುಗೆರೆ ಸುಮಾರು 137, ಇಳಿಗೆರೆ ಸುಮಾರು 164. ಎರಡರ ನಡುವೆ 27 ಯುನಿಟ್ ವ್ಯತ್ಯಾಸ. ನೇರ ಕಂಬ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, 150 ಇದ್ದದ್ದು 148 ಆಗುತ್ತದೆ. ತೆಳು ಗೆರೆಯ ಫಾಂಟಿನಲ್ಲಿ ಈ ವ್ಯತ್ಯಾಸ ಎರಡು ಮೂರು ಯುನಿಟ್ಟಿಗೆ ಮುಗಿಯುತ್ತಿತ್ತು. ದಪ್ಪ ಫಾಂಟಿನಲ್ಲಿ ಮುಚ್ಚಿಡಲು ಆಗುವುದಿಲ್ಲ.

ಓ ಮತ್ತು ಉರುಟು ಭಾಗಗಳು. ಮೇಲಿನ ಬಲ ಮೂಲೆ ಮತ್ತು ಕೆಳಗಿನ ಎಡ ಮೂಲೆ ಉಬ್ಬಿರುತ್ತವೆ, ಉಳಿದೆರಡು ಸೊರಗಿರುತ್ತವೆ. ಹೊರಗಿನ ರೇಖೆಯನ್ನು ಮೊದಲು ಮುಟ್ಟಬೇಡಿ. ಒಳಗಿನ ರೇಖೆಯ ಮೇಲ್ತುದಿಯ ಪಾಯಿಂಟನ್ನು 6ರಿಂದ 10 ಯುನಿಟ್ ಬಲಕ್ಕೆ, ಕೆಳತುದಿಯದನ್ನು ಅಷ್ಟೇ ಎಡಕ್ಕೆ ಸರಿಸಿ. ನಾಲ್ಕು ಮೂಲೆಗಳ ದಪ್ಪ ಅಳೆದು ನೋಡುತ್ತಾ ಹ್ಯಾಂಡಲುಗಳನ್ನು ಹೊಂದಿಸಿ. 10ಕ್ಕಿಂತ ಹೆಚ್ಚು ಸರಿಸಬೇಕೆನಿಸಿದರೆ ನಿಲ್ಲಿಸಿ. ಒಳಜಾಗ ಕಂಬಗಳಿಗಿಂತ ಹೆಚ್ಚು ವಾಲಿಬಿಟ್ಟು ಓ ಉರುಳಿಹೋಗುವಂತೆ ಕಾಣುತ್ತದೆ. ಆಗ ಹೊರಗಿನ ರೇಖೆಯನ್ನು ಎದುರು ದಿಕ್ಕಿಗೆ ಸ್ವಲ್ಪ ಹೊಂದಿಸುವುದೇ ಸರಿ.

ಇನ್ನೊಂದು ಉಪಾಯವೂ ಇದೆ. ಉರುಟು ಅಕ್ಷರಗಳನ್ನು 5° ತಿರುಗಿಸಿ, ಉಳಿದ 5° ಮಾತ್ರ ಓರೆ ಮಾಡುವುದು. ತಿರುಗಿಸುವುದರಿಂದ ದಪ್ಪ ಕೆಡುವುದಿಲ್ಲವಾದ್ದರಿಂದ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ. ಆದರೆ ಎತ್ತರದ ತುದಿಗಳು ಜರುಗುತ್ತವೆ. ಓವರ್‌ಶೂಟ್ ಗೆರೆಗೆ ಅವನ್ನು ಮತ್ತೆ ಕೂರಿಸಬೇಕು.

ಮುಂದಿನ ತಿದ್ದುಪಡಿಗಳು ನಾಲ್ಕರಲ್ಲಿಲ್ಲದ ಅಕ್ಷರಗಳಿಗೆ, 7ನೇ ಹಂತದಲ್ಲಿ ಅವನ್ನು ಮಾಡುವಾಗ ಬಳಸಿ.

ಎಸ್. ಇದರ ನಡುಬೆನ್ನು ಇಳಿಗೆರೆ, ಹಾಗಾಗಿ ದಪ್ಪವೂ ಆಗುತ್ತದೆ, ಕಡಿದಾಗಿಯೂ ನಿಲ್ಲುತ್ತದೆ. 15ರಿಂದ 20 ಯುನಿಟ್ ತೆಗೆಯಿರಿ. ಅಷ್ಟೇ ಸಾಲದು, ಬೆನ್ನನ್ನು ಸ್ವಲ್ಪ ಮಲಗಿಸಿ. ದಪ್ಪ ಮಾತ್ರ ಇಳಿಸಿ ಕೋನ ಬಿಟ್ಟರೆ ಎಸ್ ಎದ್ದು ನಿಂತಂತೆ, ಉಳಿದ ಅಕ್ಷರಗಳು ಮಾತ್ರ ವಾಲಿದಂತೆ ಕಾಣುತ್ತದೆ.

ಝಡ್. ಇದು ಎಸ್‌ಗೆ ತದ್ವಿರುದ್ಧ. ಏರುಗೆರೆಗೆ 12ರಿಂದ 15 ಯುನಿಟ್ ಸೇರಿಸಿ.

ಎ, ವಿ, ಡಬ್ಲ್ಯು, ಎಕ್ಸ್. ಕ್ಯಾಪಿಟಲ್ ಎ ತುದಿಯಿಂದ ಎರಡು ಪಾದಗಳ ನಡುಬಿಂದುವಿಗೆ ಒಂದು ಗೆರೆ ಎಳೆಯಿರಿ. ಅದು ಸರಿಯಾಗಿ 10° ವಾಲಿರಬೇಕು. ಬಲಗಾಲು ಸುಮಾರಾಗಿ ನೆಟ್ಟಗೆ ನಿಂತು ದಪ್ಪವಾಗಿರುತ್ತದೆ, ಎಡಗಾಲು ಉದ್ದವಾಗಿ ತೆಳುವಾಗಿರುತ್ತದೆ. ದಪ್ಪವನ್ನು ತಿದ್ದಿ, ನಡುಗೆರೆಯ ಕೋನವನ್ನು ಮುಟ್ಟಬೇಡಿ. ಎಕ್ಸ್‌ನಲ್ಲಿ ತೆಳು ಗೆರೆಯ ಎರಡು ತುಂಡುಗಳು ದಪ್ಪ ಗೆರೆಯ ಎರಡೂ ಬದಿ ಒಂದೇ ನೇರದಲ್ಲಿದ್ದರೂ ಕಣ್ಣಿಗೆ ಮುರಿದಂತೆ ತೋರುತ್ತವೆ. ನೇರ ಅಕ್ಷರದಲ್ಲಿ ಅದಕ್ಕೆಂದು ಕೊಟ್ಟ ಜರುಗು ಓರೆಯ ನಂತರ ಸಾಲುವುದಿಲ್ಲ ಅಥವಾ ಹೆಚ್ಚಾಗುತ್ತದೆ, ಕಣ್ಣಳತೆಯಲ್ಲಿ ಮತ್ತೆ ಕೂರಿಸಿ.

## ಹಂತ 6: ಸ್ಲ್ಯಾಬುಗಳು

ಕಂಬ ಬಲಕ್ಕೆ ವಾಲಿದ ಮೇಲೆ ಸ್ಲ್ಯಾಬ್ ಅದಕ್ಕೆ ಲಂಬವಾಗಿಲ್ಲ. ಪಾದದ ಬಲಬದಿಯಲ್ಲಿ 80°ಯ ಸಂದು, ಎಡಬದಿಯಲ್ಲಿ 100°. ತಲೆಯಲ್ಲಿ ಇದು ಅದಲುಬದಲು: ಎಡಬದಿ 80°. ಕಿರಿದಾದ ಸಂದಿನಲ್ಲಿ ಕಪ್ಪು ಸೇರುತ್ತದೆ. ಒಂದೇ ಕಡೆ ಸ್ಲ್ಯಾಬ್ ಇಡುವ ಪದ್ಧತಿಯಲ್ಲಿ ಉಳಿಯುವುದೂ ಇವೇ ಎರಡು ಜಾಗಗಳು, ಆದ್ದರಿಂದ ಅಲ್ಲಿ ಕಂಬದ ಬದಿಯಿಂದ 4ರಿಂದ 6 ಯುನಿಟ್ ಒಳಕ್ಕೆ ಚಿಕ್ಕ ಕಚ್ಚು ಹಾಕಿ. ದೊಡ್ಡ ಗಾತ್ರದಲ್ಲಿ ಕಚ್ಚೇ ಕಣ್ಣಿಗೆ ಬೀಳುವುದರಿಂದ 6ನ್ನು ಮೀರಬೇಡಿ.

ಸ್ಲ್ಯಾಬಿನ ತುದಿಯನ್ನು ಕಂಬದ ಕೋನಕ್ಕೇ ಕತ್ತರಿಸಿ. ನೆಟ್ಟಗೆ ಕತ್ತರಿಸಿದ ತುದಿ ವಾಲಿದ ಕಂಬದ ಪಕ್ಕದಲ್ಲಿ ಬೇರೆ ಫಾಂಟಿನಿಂದ ತಂದಿಟ್ಟ ಹಾಗೆ ಕಾಣುತ್ತದೆ. 105 ದಪ್ಪದ ಸ್ಲ್ಯಾಬಿನ ಮೇಲ್ತುದಿ ಕೆಳತುದಿಗಿಂತ 18ರಿಂದ 19 ಯುನಿಟ್ ಬಲಕ್ಕಿದ್ದರೆ ಕೋನ ಸರಿಯಿದೆ ಎಂದರ್ಥ. ಕ್ಯಾಪಿಟಲ್‌ಗಳಲ್ಲಿ ಎರಡೂ ಕಡೆ ಸ್ಲ್ಯಾಬ್ ಇರುವಾಗ ಬಲ ಪಾದವನ್ನು ಎಡಕ್ಕಿಂತ 8ರಿಂದ 10 ಯುನಿಟ್ ಉದ್ದ ಬಿಡಿ. ವಾಲಿದ ಅಕ್ಷರಕ್ಕೆ ಅದೇ ಊರುಗೋಲು.

ಈಗ ಸ್ಮಾಲ್ ಎಮ್‌ನ ಲೆಕ್ಕ. ಮೂರು ಕಂಬಗಳ ಅಕ್ಷರ ಅತಿಯಾಗಿ ಅಗಲವಾಗದಿರಲೆಂದು ಅದರ ಒಳಜಾಗವನ್ನು ಎನ್‌ಗಿಂತ ಕಿರಿದು, 180 ಇಡುತ್ತೇವೆ. ಎರಡೂ ಕಂಬಗಳಿಂದ 60ರಂತೆ ಸ್ಲ್ಯಾಬ್ ಒಳಚಾಚಿದರೆ ಪಾದದಲ್ಲಿ ಉಳಿಯುವ ಬೆಳಕು 60 ಯುನಿಟ್. ಅದರ ಎರಡೂ ಕಡೆ 105 ದಪ್ಪದ ಕಪ್ಪು. ಶೀರ್ಷಿಕೆಯನ್ನು ಸ್ವಲ್ಪ ದೂರದಿಂದ ನೋಡಿದರೆ ಆ ಸೀಳು ಮುಚ್ಚಿ, ಎಮ್ ಕೆಳಗೆ ಒಂದೇ ಪಟ್ಟಿ ಎಳೆದಂತಾಗುತ್ತದೆ. ಒಂದೇ ಕಡೆಯ ಪದ್ಧತಿಯಲ್ಲಿ ಅದೇ ಜಾಗದಲ್ಲಿ 120 ಯುನಿಟ್ ಬೆಳಕು ಸಿಗುತ್ತದೆ. ಎರಡೂ ಕಡೆ ಬೇಕೇ ಬೇಕು ಎನ್ನುವವರು ನಡುಗಂಬದ ಸ್ಲ್ಯಾಬನ್ನು ಎರಡೂ ಬದಿ 30ಕ್ಕೆ ಇಳಿಸಿ, ಅಥವಾ ಪೂರ್ತಿ ತೆಗೆದುಬಿಡಿ. ತೆಗೆದದ್ದು ಓದುಗರ ಗಮನಕ್ಕೆ ಬರುವುದಿಲ್ಲ, ಮೆತ್ತಿಕೊಂಡದ್ದು ಬಂದೇ ಬರುತ್ತದೆ.

ಕ್ಯಾಪಿಟಲ್ ಇ, ಎಫ್ ಅಕ್ಷರಗಳ ಅಡ್ಡತೋಳುಗಳ ತುದಿಯಲ್ಲಿ ಕೆಳಕ್ಕೂ ಮೇಲಕ್ಕೂ ಚಾಚಿದ ಸ್ಲ್ಯಾಬುಗಳಿರುತ್ತವೆ. ನಡುತೋಳಿಗೂ ಅವಕ್ಕೂ ನಡುವೆ ಕನಿಷ್ಠ 40 ಯುನಿಟ್ ಉಳಿಯುವಂತೆ ನಡುತೋಳನ್ನು ಗಿಡ್ಡ ಮಾಡಿ.

## ಹಂತ 7: ಉಳಿದ ಅಕ್ಷರಗಳು

ನಾಲ್ಕು ಅಕ್ಷರಗಳು, 8ನೇ ಹಂತದ ಅಂತರವೂ ಸೇರಿ, ಸರಿಯಾದ ಮೇಲೆ ಅವುಗಳ ತುಂಡುಗಳಿಂದಲೇ ಉಳಿದವನ್ನು ಕಟ್ಟಿ. ಎನ್‌ನಿಂದ ಎಚ್, ಎಮ್, ಯು, ಆರ್, ಐ, ಎಲ್, ಜೆ. ಓದ ಬಾಗಿನಿಂದ ಬಿ, ಡಿ, ಪಿ, ಕ್ಯು, ಸಿ, ಇ, ಎ, ಜಿ. ಆಮೇಲೆ ಓರೆಗೆರೆಯವು. ಕೊನೆಗೆ ಎಸ್, ಎಫ್, ಟಿ. ಯುವನ್ನು ಎನ್ ತಿರುಗಿಸಿ ಮಾಡಬಹುದು. 180° ತಿರುಗಿಸಿದರೂ ಓರೆಯ ದಿಕ್ಕು ಬದಲಾಗುವುದಿಲ್ಲ. ಆದರೆ ಕನ್ನಡಿಯಂತೆ ಪಲ್ಟಿ ಹೊಡೆಸಿದರೆ ಓರೆ ಎಡಕ್ಕೆ ತಿರುಗಿಬಿಡುತ್ತದೆ. ಬಿಯಿಂದ ಡಿ ಮಾಡಲು ಫ್ಲಿಪ್ ಬಳಸಿ ಸಿಕ್ಕಿಬೀಳುವವರು ಬಹಳ.

ಸ್ಮಾಲ್ ಇಯ ಕಷ್ಟವನ್ನು ಲೆಕ್ಕದಲ್ಲೇ ನೋಡಿ. ಓವರ್‌ಶೂಟ್ ಸೇರಿ ಅದರ ಎತ್ತರ 544. ಮೂರು ಅಡ್ಡಗೆರೆ 105ರಂತೆ 315 ತಿಂದರೆ ಎರಡು ಒಳಜಾಗಗಳಿಗೆ ಉಳಿಯುವುದು 229, ತಲಾ 114. ಗೆರೆಗಳನ್ನು 88ಕ್ಕಿಳಿಸಿದರೆ ತಲಾ 140 ಸಿಗುತ್ತದೆ. ಸ್ಮಾಲ್ ಎಸ್‌ಗೆ, ಎರಡಂತಸ್ತಿನ ಎಗೆ, ಅಂಕಿ 8ಕ್ಕೆ ಇದೇ ಸೂತ್ರ: ಒಂದರ ಮೇಲೊಂದು ಮೂರು ಗೆರೆ ಬಂದಲ್ಲೆಲ್ಲ ಗೆರೆ ತೆಳುವಾಗಲೇಬೇಕು. ಎಲ್ಲ ಅಕ್ಷರದಲ್ಲೂ ಒಂದೇ ಅಂಕಿ ಇರಬೇಕೆಂದು ಹಟ ಹಿಡಿದರೆ ಅಕ್ಷರ ಕುರುಡಾಗುತ್ತದೆ.

ಚಿಹ್ನೆಗಳಲ್ಲಿ ಆವರಣ, ಉದ್ಧರಣ ಚಿಹ್ನೆ, ಪ್ರಶ್ನಾರ್ಥಕ, ಆಶ್ಚರ್ಯಸೂಚಕ ಇವೆಲ್ಲ ಓರೆಯಾಗಬೇಕು. ಕೂಡು, ಗುಣಿಸು, ಸಮ ಚಿಹ್ನೆಗಳನ್ನು ನೇರ ಬಿಡುವುದುಂಟು, ಅದು ನಿಮ್ಮ ಆಯ್ಕೆ. ಮೇಲೆ ಕೂರುವ ಸ್ವರಚಿಹ್ನೆಗಳು (é ಅಕ್ಷರದ ಮೇಲಿನಂಥವು) ಅಕ್ಷರದ ನೆತ್ತಿಯ ಮೇಲಲ್ಲ, ಓರೆಗೆರೆಯ ದಾರಿಯಲ್ಲಿ ಕೂರಬೇಕು: 100 ಯುನಿಟ್ ಮೇಲೇರಿದರೆ 18 ಯುನಿಟ್ ಬಲಕ್ಕೆ. ಐ ಮತ್ತು ಜೆ ಚುಕ್ಕೆಗೂ ಅಷ್ಟೇ.

## ಹಂತ 8: ಅಂತರ, ಆಮೇಲೆ ಕರ್ನಿಂಗ್

ಅಕ್ಷರದ ಪೆಟ್ಟಿಗೆಯ ಅಂಚಿನಿಂದ ತುದಿಗೆ ಅಳೆದ ಸೈಡ್‌ಬೇರಿಂಗ್ ಅಂಕಿಯನ್ನು ಇಟಾಲಿಕ್‌ನಲ್ಲಿ ನಂಬಬೇಡಿ. ಅದು ತಲೆಯ ಬಲ ಮೂಲೆಯನ್ನೂ ಪಾದದ ಎಡ ಮೂಲೆಯನ್ನೂ ಅಳೆಯುತ್ತದೆ, ಕಣ್ಣು ನೋಡುವುದು ಕಂಬಗಳ ನಡುವಿನ ಬಿಳಿಯನ್ನು. 260ರ ಎತ್ತರದಲ್ಲಿ ಅಡ್ಡಗೆರೆ ಎಳೆದು, ಪಕ್ಕಪಕ್ಕದ ಎರಡು ಎನ್‌ಗಳ ನಡುವೆ ಕಂಬದಿಂದ ಕಂಬಕ್ಕೆ ಅಳೆಯಿರಿ. ಡಿಸ್‌ಪ್ಲೇಗೆ ಅದು ಎನ್ ಒಳಜಾಗದ ಶೇ. 75ರಿಂದ 85, ಅಂದರೆ 158ರಿಂದ 178 ಇರಲಿ. ಸ್ಲ್ಯಾಬ್ ತುದಿಗಳ ನಡುವೆ 30ಕ್ಕಿಂತ ಕಡಿಮೆ ಉಳಿಯುತ್ತಿದ್ದರೆ ಅಂತರ ಹೆಚ್ಚಿಸುವ ಬದಲು ಸ್ಲ್ಯಾಬಿನ ಹೊರಚಾಚನ್ನು 5ರಿಂದ 10 ಯುನಿಟ್ ಕತ್ತರಿಸಿ.

ಮೊದಲು ಎರಡು ಎನ್, ಆಮೇಲೆ ಎರಡು ಎನ್‌ಗಳ ನಡುವೆ ಓ, ಆಮೇಲೆ ಎರಡು ಓ. ಈ ಮೂರು ಒಂದೇ ಲಯಕ್ಕೆ ಬಂದ ಮೇಲೆ ಪ್ರತಿ ಹೊಸ ಅಕ್ಷರವನ್ನೂ ಎರಡು ಎನ್ ನಡುವೆ, ಎರಡು ಓ ನಡುವೆ ಇಟ್ಟು ಹೊಂದಿಸಿ. ಕರ್ನಿಂಗ್ (ನಿರ್ದಿಷ್ಟ ಎರಡು ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ತಿದ್ದುವುದು) ಜೋಡಿಗಳನ್ನು ಇದು ಪೂರ್ತಿ ಮುಗಿಯುವವರೆಗೆ ತೆರೆಯಲೇಬೇಡಿ. ಅಂತರ ಸರಿಯಿಲ್ಲದ ಫಾಂಟಿಗೆ ಸಾವಿರ ಜೋಡಿ ಕರ್ನಿಂಗ್ ಹಾಕಿದರೂ ಸಾಲದು.

ಕರ್ನಿಂಗ್‌ನಲ್ಲಿ ಟಿ, ವಿ, ಡಬ್ಲ್ಯು, ವೈ ಜೋಡಿಗಳು ಎಲ್ಲರಿಗೂ ನೆನಪಿರುತ್ತವೆ. ಇಟಾಲಿಕ್‌ನಲ್ಲಿ ಮರೆತುಹೋಗುವುದು ಸ್ಮಾಲ್ ಎಫ್. ಅದರ ಕೊಕ್ಕೆ ಬಲಕ್ಕೆ ಚಾಚಿ ಮುಂದಿನ ಉದ್ಧರಣ ಚಿಹ್ನೆ, ಮುಚ್ಚುವ ಆವರಣ, ಪ್ರಶ್ನಾರ್ಥಕ, ಸ್ಮಾಲ್ ಬಿ, ಎಚ್, ಕೆ, ಎಲ್ ಇವುಗಳಿಗೆ ಡಿಕ್ಕಿ ಹೊಡೆಯುತ್ತದೆ. ಇಲ್ಲಿ ಬೇಕಾದದ್ದು ಧನ ಕರ್ನಿಂಗ್, ಅಂದರೆ ಅಂತರ ಹೆಚ್ಚಿಸುವುದು. ತೆರೆಯುವ ಆವರಣದ ಮುಂದಿನ ಜೆಗೂ ಅಷ್ಟೇ, ಅದರ ಬಾಲ ಎಡಕ್ಕೆ ಚಾಚುತ್ತದೆ.

## ಹಂತ 9: ಪರೀಕ್ಷೆ

150 ಪಾಯಿಂಟ್, 72, 36, 24 ಈ ನಾಲ್ಕು ಗಾತ್ರಗಳಲ್ಲಿ ಪ್ರಿಂಟ್ ತೆಗೆಯಿರಿ. 150ರಲ್ಲಿ ಬಾಗುಗಳ ಉಬ್ಬು ತಗ್ಗು ಹುಡುಕಿ, 24ರಲ್ಲಿ ಮುಚ್ಚಿಹೋದ ಸಂದುಗಳನ್ನು. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಆಗ ಪದ ಓದಲಾಗದೆ ಆಕಾರ ಮಾತ್ರ ಕಾಣುವುದರಿಂದ ಹೆಚ್ಚು ವಾಲಿದ್ದೋ ಕಡಿಮೆ ವಾಲಿದ್ದೋ ಆದ ಅಕ್ಷರ ತಾನಾಗಿ ಹೊರಗೆ ಬೀಳುತ್ತದೆ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲೂ ಒಂದು ಪ್ರತಿ ತೆಗೆಯಿರಿ. ಬಿಳಿ ಅಕ್ಷರ ಇನ್ನಷ್ಟು ದಪ್ಪವಾಗಿ ತೋರಿ, ಅಂಚಿನಲ್ಲಿದ್ದ ಒಳಜಾಗಗಳು ಮುಚ್ಚುತ್ತವೆ. ಪೋಸ್ಟರಿನಲ್ಲಿ ಹೀಗೆ ಬಳಸುವವರೇ ಬಹಳ.

ಪೂರ್ತಿ ಕ್ಯಾಪಿಟಲ್ ಸಾಲು, ಪೂರ್ತಿ ಸ್ಮಾಲ್ ಸಾಲು, ಮಿಶ್ರ ಸಾಲು, ಅಂಕಿಗಳ ಸಾಲು ಎಲ್ಲವನ್ನೂ ನೋಡಿ. ಒಂದು ಪದದಲ್ಲಿ ಒಂದೇ ಅಕ್ಷರ ಮೊದಲು ಕಣ್ಣಿಗೆ ಬಿದ್ದರೆ ದೋಷ ಆ ಅಕ್ಷರದಲ್ಲಿದೆ. ಪ್ರತಿ ಪದದಲ್ಲೂ ಬೇರೆ ಬೇರೆ ಅಕ್ಷರ ಬೀಳುತ್ತಿದ್ದರೆ ದೋಷ ಅಂತರದಲ್ಲಿದೆ, 8ನೇ ಹಂತಕ್ಕೆ ಹಿಂತಿರುಗಿ.

## ಹಂತ 10: ಹೆಸರು, ಗುರುತು, ಎಕ್ಸ್‌ಪೋರ್ಟ್

ಇಲ್ಲಿ ಆಗುವ ತಪ್ಪಿನಿಂದ ಅಷ್ಟೂ ಶ್ರಮ ಬಳಕೆದಾರರ ಪರದೆಯ ಮೇಲೆ ಕೆಡುತ್ತದೆ. ಸಾಫ್ಟ್‌ವೇರಿಗೆ ಈ ಫಾಂಟ್ ಈಗಾಗಲೇ ಬೋಲ್ಡ್, ಈಗಾಗಲೇ ಇಟಾಲಿಕ್ ಎಂದು ಗೊತ್ತಾಗದಿದ್ದರೆ ಅದು ತಾನೇ ಇನ್ನೊಮ್ಮೆ ದಪ್ಪ ಮಾಡಿ, ಇನ್ನೊಮ್ಮೆ ಓರೆ ಮಾಡುತ್ತದೆ.

ಸ್ಟೈಲ್ ಹೆಸರು ಬೋಲ್ಡ್ ಇಟಾಲಿಕ್ ಎಂದೇ ಇರಲಿ. ತೂಕದ ವರ್ಗ 700. ಓಎಸ್/2 ಟೇಬಲ್ಲಿನ (ಟೇಬಲ್ ಎಂದರೆ ಫಾಂಟ್ ಕಡತದೊಳಗಿನ ಮಾಹಿತಿ ಪಟ್ಟಿ) ಸೆಲೆಕ್ಷನ್ ಗುರುತಿನಲ್ಲಿ 0ನೇ ಬಿಟ್ (ಇಟಾಲಿಕ್) ಮತ್ತು 5ನೇ ಬಿಟ್ (ಬೋಲ್ಡ್) ಆನ್, 6ನೇ ಬಿಟ್ (ರೆಗ್ಯುಲರ್) ಆಫ್. ಹೆಡ್ ಟೇಬಲ್ಲಿನ ಮ್ಯಾಕ್‌ಸ್ಟೈಲ್‌ನಲ್ಲಿ ಕ್ರಮ ಬೇರೆ: 0ನೇ ಬಿಟ್ ಬೋಲ್ಡ್, 1ನೇ ಬಿಟ್ ಇಟಾಲಿಕ್. ಎರಡೂ ಆನ್ ಇರಬೇಕು. ಪೋಸ್ಟ್ ಟೇಬಲ್ಲಿನ ಇಟಾಲಿಕ್ ಕೋನ ಬಲಕ್ಕೆ ವಾಲಿದ್ದಕ್ಕೆ ಋಣ ಸಂಖ್ಯೆ, ಅಂದರೆ −10. ಗ್ಲಿಫ್ಸ್‌ನಲ್ಲಿ 10 ಎಂದು ಕೊಟ್ಟರೆ ಎಕ್ಸ್‌ಪೋರ್ಟ್ ಆಗುವಾಗ ಅದೇ −10 ಮಾಡಿಕೊಳ್ಳುತ್ತದೆ. ಕರ್ಸರ್ ಗೆರೆಯೂ ಅಕ್ಷರದಂತೆ ವಾಲಲು ಕ್ಯಾರೆಟ್ ಸ್ಲೋಪ್ ರೈಸ್ 1000, ರನ್ 176 ಕೊಡಿ.

ಮೂಲ ಕಡತವನ್ನು ಬೇರೆಯಾಗಿ ಉಳಿಸಿ, ಎಕ್ಸ್‌ಪೋರ್ಟ್ ಪ್ರತಿಯಲ್ಲಿ ಮಾತ್ರ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಒಂದುಗೂಡಿಸಿ. ರೇಖೆಗಳ ದಿಕ್ಕು ನೋಡಿ: ಪೋಸ್ಟ್‌ಸ್ಕ್ರಿಪ್ಟ್ ಬಗೆಯ ಓಟಿಎಫ್‌ನಲ್ಲಿ ಹೊರರೇಖೆ ಅಪ್ರದಕ್ಷಿಣ, ಟಿಟಿಎಫ್‌ನಲ್ಲಿ ಪ್ರದಕ್ಷಿಣ. ಓದ ಒಳಜಾಗ ತುಂಬಿಕೊಂಡು ಕಪ್ಪು ಉಂಡೆಯಾಗಿ ಬಂದರೆ ಒಳರೇಖೆಯ ದಿಕ್ಕು ತಪ್ಪಿದೆ ಎಂದರ್ಥ.

ವೆಬ್‌ಗೆ ಡಬ್ಲ್ಯುಓಎಫ್‌ಎಫ್2 (ವೆಬ್ ಫಾಂಟಿನ ಕಡತ) ಕೊಡುವಾಗ ಸಿಎಸ್‌ಎಸ್‌ನ ಫಾಂಟ್-ಫೇಸ್ ನಿಯಮದಲ್ಲಿ ತೂಕ 700, ಸ್ಟೈಲ್ ಇಟಾಲಿಕ್ ಎಂದು ಬರೆಯುವುದನ್ನು ಮರೆಯಬೇಡಿ. ಅದಿಲ್ಲದೆ ಶೀರ್ಷಿಕೆಗೆ ಇಟಾಲಿಕ್ ಹೇಳಿದರೆ ಬ್ರೌಸರ್ 10°ಯ ಮೇಲೆ ತನ್ನದೂ ಓರೆ ಸೇರಿಸುತ್ತದೆ. ಅನುಮಾನವಿದ್ದರೆ ಫಾಂಟ್-ಸಿಂಥೆಸಿಸ್ ಗುಣಕ್ಕೆ ನನ್ (none) ಎಂದು ಕೊಟ್ಟು ಹೋಲಿಸಿ. ಎರಡು ಚಿತ್ರಗಳಲ್ಲಿ ವ್ಯತ್ಯಾಸ ಕಂಡರೆ ಗುರುತುಗಳಲ್ಲಿ ಎಲ್ಲೋ ತಪ್ಪಿದೆ.

ಇನ್‌ಸ್ಟಾಲ್ ಮಾಡಿ ನೋಡಿದಾಗ ತಿದ್ದಿದ ಅಕ್ಷರ ಹಳೆಯ ಆಕಾರದಲ್ಲೇ ಕಂಡರೆ ಮತ್ತೆ ತಿದ್ದಲು ಓಡಬೇಡಿ. ಕಂಪ್ಯೂಟರ್ ಹಳೆಯ ಪ್ರತಿಯನ್ನು ಕ್ಯಾಶ್‌ನಿಂದ ತೋರಿಸುತ್ತಿರುತ್ತದೆ. ಹಳೆಯ ಫಾಂಟನ್ನು ತೆಗೆದು, ತೆರೆದಿರುವ ಆಪ್‌ಗಳನ್ನು ಮುಚ್ಚಿ, ಹೊಸ ಆವೃತ್ತಿ ಸಂಖ್ಯೆ ಕೊಟ್ಟು ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಹಾಕಿ. ಪರೀಕ್ಷೆಯ ಪ್ರತಿಗಳಿಗೆ ಕುಟುಂಬದ ಹೆಸರಿನ ಕೊನೆಯಲ್ಲಿ ಒಂದು ಅಂಕಿ ಸೇರಿಸುತ್ತಾ ಹೋದರೆ ಈ ಗೊಂದಲವೇ ಏಳುವುದಿಲ್ಲ.